ಬೊಂಗಾಂವ್‌ನ ಉಪ್ಪು ಸಕ್ಕರೆ ನೀರು

1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಢಾಕಾ ನಗರದಲ್ಲಿ ತನ್ನದೇ ಪ್ರಜೆಗಳ ಮೇಲೆ ಬಂದೂಕು ತಿರುಗಿಸಿತು. ಅಲ್ಲಿಂದ ಆ ವರ್ಷದ ಕೊನೆಯೊಳಗೆ ಸುಮಾರು ಒಂದು ಕೋಟಿ ಜನ ಗಡಿ ದಾಟಿ ಭಾರತಕ್ಕೆ ಬಂದರು. ಶಾಲೆಗಳು ತುಂಬಿದವು, ಡೇರೆಗಳು ತುಂಬಿದವು. ಕಲ್ಕತ್ತಾದ ಅಂಚಿನ ಸಾಲ್ಟ್ ಲೇಕ್‌ನಲ್ಲಿ ಚರಂಡಿ ಕೆಲಸಕ್ಕೆಂದು ತಂದು ಹಾಕಿದ್ದ ದೊಡ್ಡ ಸಿಮೆಂಟ್ ಕೊಳವೆಗಳೊಳಗೂ ಸಂಸಾರಗಳು ಬಿಡಾರ ಹೂಡಿದವು. ಮಳೆಗಾಲ ಹತ್ತಿರವಾದಂತೆ ನಿರೀಕ್ಷಿಸಿದ್ದ ಅತಿಥಿ ಬಂದೇ ಬಿಟ್ಟಿತು: ಕಾಲರಾ.

ಜಗತ್ತು ಸುಮ್ಮನಿರಲಿಲ್ಲ. ವಿಶ್ವಸಂಸ್ಥೆ, ರೆಡ್ ಕ್ರಾಸ್, ಹಲವಾರು ದೇಶಗಳ ಸರ್ಕಾರಗಳು, ಧರ್ಮಸಂಸ್ಥೆಗಳು ಎಲ್ಲವೂ ನೆರವಿಗೆ ಬಂದವು. ವಿಮಾನಗಳಲ್ಲಿ ಲಸಿಕೆ ಬಂತು, ಔಷಧಿ ಬಂತು. ಆಗಸ್ಟ್ 1ರಂದು ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ನ್ಯೂಯಾರ್ಕಿನಲ್ಲಿ ನಡೆಸಿದ ಸಂಗೀತ ಕಾರ್ಯಕ್ರಮವನ್ನು ಇಂದಿಗೂ ನೆನೆಯುವವರಿದ್ದಾರೆ. ಆದರೆ ಆ ವರ್ಷದ ಅತಿ ದೊಡ್ಡ ವೈದ್ಯಕೀಯ ನೆರವು ಯಾವ ವಿಮಾನದಲ್ಲೂ ಬರಲಿಲ್ಲ. ಅದು ತಯಾರಾದದ್ದು ಕಲ್ಕತ್ತಾದ ಒಂದು ಸಂಶೋಧನಾ ಕೇಂದ್ರದ ಗ್ರಂಥಾಲಯದ ಕೋಣೆಯಲ್ಲಿ. ಅಡುಗೆ ಉಪ್ಪು, ಅಡುಗೆ ಸೋಡ ಮತ್ತು ಗ್ಲೂಕೋಸನ್ನು ತೂಗಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿಯನ್ನು ಕಾದ ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ ಮುಚ್ಚುತ್ತಿದ್ದರು.

ಇದರ ಮಹತ್ವ ತಿಳಿಯಬೇಕಾದರೆ ಕಾಲರಾ ಹೇಗೆ ಕೊಲ್ಲುತ್ತದೆ ಎಂಬುದನ್ನು ತಿಳಿಯಬೇಕು. ಈ ರೋಗಾಣು ರಕ್ತಕ್ಕೆ ನುಗ್ಗುವುದಿಲ್ಲ, ಕರುಳನ್ನು ಕೊರೆಯುವುದೂ ಇಲ್ಲ. ಸಣ್ಣ ಕರುಳಿನ ಒಳಗೋಡೆಗೆ ಅಂಟಿಕೊಂಡು ಒಂದು ವಿಷವನ್ನು ಸ್ರವಿಸುತ್ತದೆ, ಅಷ್ಟೆ. ಈ ವಿಷದ ಇರುವಿಕೆಯನ್ನು 1959ರಲ್ಲಿ ತೋರಿಸಿಕೊಟ್ಟವರು ಕಲ್ಕತ್ತಾದವರೇ ಆದ ಶಂಭುನಾಥ ಡೇ. ವಿಷ ತಾಗಿದ ಕರುಳು ಒಡೆದ ನಲ್ಲಿಯಂತೆ ದೇಹದ ಉಪ್ಪನ್ನೂ ನೀರನ್ನೂ ಹೊರಕ್ಕೆ ಸುರಿಯತೊಡಗುತ್ತದೆ. ಭೇದಿ ಅಕ್ಕಿ ತೊಳೆದ ನೀರಿನಂತಿರುತ್ತದೆ. ಗಟ್ಟಿಮುಟ್ಟಾದ ಆಳು ಒಂದು ದಿನದಲ್ಲಿ ಹತ್ತು ಲೀಟರಿಗೂ ಹೆಚ್ಚು ನೀರು ಕಳೆದುಕೊಳ್ಳಬಹುದು. ಕಣ್ಣು ಗುಳಿ ಬೀಳುತ್ತದೆ, ದನಿ ಉಡುಗುತ್ತದೆ, ನಾಡಿ ಸಿಗುವುದಿಲ್ಲ. ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಇಲ್ಲವಾಗುತ್ತಾರೆ. ಹೋದ ನೀರು ಹೋದಷ್ಟೇ ಬೇಗ ಒಳಕ್ಕೆ ಬಂದರೆ ರೋಗಿ ಬದುಕುತ್ತಾನೆ. ಕೆಲವು ದಿನಗಳಲ್ಲಿ ಭೇದಿ ತಾನಾಗಿ ನಿಲ್ಲುತ್ತದೆ.

ನೀರನ್ನು ರಕ್ತನಾಳದ ಮೂಲಕ ಕೊಡಬಹುದು ಎಂಬುದು ಹಳೆಯ ಸಂಗತಿ. 1831–32ರಲ್ಲಿ ಬ್ರಿಟನ್ನಿನಲ್ಲಿ ಕಾಲರಾ ಹರಡಿದಾಗ ವಿಲಿಯಂ ಒಶಾನೆಸಿ ಎಂಬ ತರುಣ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಉಪ್ಪೂ ಕಡಿಮೆಯಾಗಿರುವುದನ್ನು ಕಂಡುಹಿಡಿದ. ಆ ಸುಳಿವು ಹಿಡಿದು ಸ್ಕಾಟ್ಲೆಂಡಿನ ಥಾಮಸ್ ಲಾಟಾ 1832ರಲ್ಲಿ ರೋಗಿಗಳ ರಕ್ತನಾಳಕ್ಕೆ ಉಪ್ಪುನೀರು ಹರಿಸಿದ. (ಈ ಒಶಾನೆಸಿ ಮುಂದೆ ಕಲ್ಕತ್ತಾಕ್ಕೆ ಬಂದು ಪ್ರಾಧ್ಯಾಪಕನಾದ. ಭಾರತಕ್ಕೆ ಟೆಲಿಗ್ರಾಫ್ ತಂತಿ ಎಳೆಸಿದ ಮಹಾಶಯನೂ ಅವನೇ!) ಇಪ್ಪತ್ತನೆಯ ಶತಮಾನದ ಹೊತ್ತಿಗೆ ಈ ಚಿಕಿತ್ಸೆ ಪಳಗಿತು. ನಮ್ಮ ಹಳ್ಳಿಗಳಲ್ಲಿ 'ಬಾಟಲಿ ಏರಿಸುವುದು', 'ಸಲೈನ್ ಹಚ್ಚುವುದು' ಎಂದು ಹೇಳುವುದು ಇದನ್ನೇ. ಸರಿಯಾಗಿ ಮಾಡಿದರೆ ಕಾಲರಾದಿಂದ ಸಾಯುವವರು ನೂರಕ್ಕೆ ಒಬ್ಬರೂ ಇಲ್ಲ.

ಆದರೆ 'ಸರಿಯಾಗಿ' ಎಂಬ ಆ ಒಂದು ಮಾತಿನಲ್ಲಿ ಎಷ್ಟೊಂದು ಅಡಗಿದೆ! ಐವತ್ತು ಕಿಲೋ ತೂಕದವನೊಬ್ಬ ನಾಡಿ ಬಿದ್ದ ಸ್ಥಿತಿಯಲ್ಲಿ ಬಂದರೆ ಮೊದಲ ಕೆಲವು ಗಂಟೆಗಳಲ್ಲೇ ಐದು ಲೀಟರ್ ಬೇಕು; ಆಮೇಲೆ ಭೇದಿ ನಿಲ್ಲುವವರೆಗೆ ಹೋದಷ್ಟನ್ನೂ ತುಂಬುತ್ತಲೇ ಇರಬೇಕು. ಕ್ರಿಮಿಶುದ್ಧ ಮಾಡಿದ ದ್ರಾವಣ ಬೇಕು, ಸೂಜಿ ಬೇಕು, ಕೊಳವೆ ಬೇಕು. ಬತ್ತಿಹೋದ ರಕ್ತನಾಳವನ್ನು ಹುಡುಕಿ ಸೂಜಿ ಚುಚ್ಚಬಲ್ಲ ಕೈ ಬೇಕು. ನೂರು ರೋಗಿಗಳಿಗೆ ಎಷ್ಟಾಯಿತು, ಸಾವಿರಕ್ಕೆ ಎಷ್ಟಾಯಿತು ಎಂದು ಓದುಗರೇ ಲೆಕ್ಕ ಹಾಕಬಹುದು. ಹೊರದೇಶದ ನೆರವು ಎಷ್ಟೇ ಉದಾರವಾಗಿದ್ದರೂ ಕೆಸರಿನ ರಸ್ತೆಯ ಕೊನೆಯಲ್ಲಿರುವ ಶಿಬಿರಕ್ಕೆ ಆ ಲೆಕ್ಕದಲ್ಲಿ ಬಾಟಲಿಗಳನ್ನು ಮುಟ್ಟಿಸುವುದು ಆಗದ ಮಾತು.

ಗಡಿಗೆ ಅಂಟಿಕೊಂಡ ಬೊಂಗಾಂವ್ ಪಟ್ಟಣದ ಆಸ್ಪತ್ರೆಗೆ 1971ರ ಜೂನ್ ತಿಂಗಳ ಕೊನೆಯಲ್ಲಿ ಡಾ. ದಿಲೀಪ್ ಮಹಲನೋಬಿಸ್ ಬಂದಾಗ ಕಂಡದ್ದು ಇದೇ ಬಿಕ್ಕಟ್ಟನ್ನು. ಅವರು ಮಕ್ಕಳ ವೈದ್ಯರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಕಲ್ಕತ್ತಾದಲ್ಲಿ ನಡೆಸುತ್ತಿದ್ದ ಸಂಶೋಧನಾ ಕೇಂದ್ರದಲ್ಲಿದ್ದರು. ಹುಟ್ಟಿದ್ದು 1934ರಲ್ಲಿ, ಗಡಿಯ ಆಚೆಗಿನ ಕಿಶೋರ್‌ಗಂಜ್‌ನಲ್ಲಿ. ಅಂದರೆ ಬಂದ ನಿರಾಶ್ರಿತರು ಅವರದೇ ಸೀಮೆಯವರು. ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗೆ ಇದ್ದದ್ದು ಎರಡು ಕೋಣೆ. ಹಾಸಿಗೆಗಳು ತುಂಬಿ ನೆಲದ ಮೇಲೆಲ್ಲ ಜನ ಮಲಗಿದ್ದರು. ಸಲೈನ್ ಕೊಡಬೇಕಾದರೆ ವಾಂತಿ, ಭೇದಿಗಳ ನಡುವೆ ಮಂಡಿಯೂರಿ ಕೂರಬೇಕಿತ್ತು ಎಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ತಂಡದಲ್ಲಿ ಆ ಕೆಲಸ ಬಲ್ಲವರು ಇಬ್ಬರೇ. ತಾವು ಸೋಲುತ್ತಿದ್ದೇವೆಂದು ತಿಳಿಯಲು ಅವರಿಗೆ ಎರಡು ದಿನ ಸಾಕಾಯಿತು.

ಆಗ ಅವರು ಕೈಗೆತ್ತಿಕೊಂಡದ್ದು ಹೊಸ ಶೋಧವೇನಲ್ಲ. ಉಪ್ಪು ಮತ್ತು ಗ್ಲೂಕೋಸ್ ಒಟ್ಟಿಗಿದ್ದರೆ ಕರುಳು ಎರಡನ್ನೂ ಜೊತೆಯಾಗಿ ಒಳಕ್ಕೆಳೆದುಕೊಳ್ಳುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ ಎಂಬುದನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲೇ ವಿವರಿಸಿದ್ದರು. ಕಾಲರಾದ ವಿಷ ಕರುಳಿನ ಉಳಿದೆಲ್ಲ ವ್ಯವಸ್ಥೆಯನ್ನು ಕೆಡಿಸಿದರೂ ಈ ಒಂದು ಬಾಗಿಲನ್ನು ಮಾತ್ರ ಮುಚ್ಚುವುದಿಲ್ಲ. ಢಾಕಾದ ಕಾಲರಾ ಪ್ರಯೋಗಾಲಯದಲ್ಲಿ ಡೇವಿಡ್ ನಾಲಿನ್, ರಿಚರ್ಡ್ ಕ್ಯಾಶ್ ಎಂಬ ಇಬ್ಬರು ಎಳೆಯ ಅಮೆರಿಕನ್ ವೈದ್ಯರು ಸ್ಥಳೀಯ ಸಹೋದ್ಯೋಗಿಗಳ ಜೊತೆಗೂಡಿ 1968ರಲ್ಲಿ ಇದನ್ನು ರೋಗಿಗಳ ಮೇಲೆ ಸಿದ್ಧಪಡಿಸಿ ತೋರಿಸಿದರು. ಬಾಯಿಂದ ಕುಡಿಸಿದರೆ ಸಲೈನಿನ ಅಗತ್ಯ ಶೇಕಡಾ 80ರಷ್ಟು ಇಳಿಯುತ್ತಿತ್ತು. ಅವರಿಗೂ ಮುಂಚೆ, 1953ರಲ್ಲಿ, ಕಲ್ಕತ್ತಾದ ಡಾ. ಹೇಮೇಂದ್ರನಾಥ ಚಟರ್ಜಿ ಉಪ್ಪು ಮತ್ತು ಗ್ಲೂಕೋಸ್ ನೀರು ಕುಡಿಸಿ ರೋಗಿಗಳನ್ನು ಗುಣಪಡಿಸಿದ್ದಾಗಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬರೆದಿದ್ದರು. ನಮ್ಮ ಹಿತ್ತಲಿನ ದೊಡ್ಡಪತ್ರೆಯ ರಸವನ್ನೂ ಅವರು ಬಳಸಿದ್ದರು. ಆ ಬರಹವನ್ನು ಹೆಚ್ಚಿನವರು ಗಮನಿಸಲೇ ಇಲ್ಲ.

ಹಾಗಾದರೆ ತಡೆದದ್ದು ಯಾವುದು? ಒಂದು, ಹಳೆಯ ಪೆಟ್ಟು. 1962ರಲ್ಲಿ ಮನಿಲಾದಲ್ಲಿ ಅಮೆರಿಕ ನೌಕಾದಳದ ರಾಬರ್ಟ್ ಫಿಲಿಪ್ಸ್ ಇಂಥದೇ ದ್ರಾವಣವನ್ನು ಪ್ರಯೋಗಿಸಿದಾಗ ಅದರ ಪ್ರಮಾಣ ತಪ್ಪಿ ಕೆಲವು ರೋಗಿಗಳು ಸತ್ತರು. ಆಮೇಲೆ ಎಲ್ಲರೂ ಅಳುಕಿದರು. ಆದರೆ 1968ರ ನಂತರ ಆ ಭಯಕ್ಕೆ ಆಧಾರವಿರಲಿಲ್ಲ. ಉಳಿದದ್ದು ಎರಡನೆಯ ತಡೆ. ಎಷ್ಟು ಹೋಯಿತು, ಎಷ್ಟು ಕೊಡಬೇಕು ಎಂದು ಅಳೆಯುವುದು ವೈದ್ಯರ ಕೆಲಸ, ಆಸ್ಪತ್ರೆಯ ಕೆಲಸ. ಅನಕ್ಷರಸ್ಥ ತಾಯಿಯ ಕೈಗೆ ಲೋಟ ಕೊಟ್ಟು ಕೂರುವುದು ವೈದ್ಯಕೀಯವೇ ಅಲ್ಲ ಎಂಬ ನಂಬಿಕೆ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡದ್ದು ಈ ಎರಡನೆಯದೇ.

ಬೊಂಗಾಂವ್‌ನಲ್ಲಿ ಆ ನಂಬಿಕೆಯನ್ನು ಇಟ್ಟುಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಸೋಡ. ಲೀಟರಿಗೆ ಬಿದ್ದ ಖರ್ಚು ಸುಮಾರು 11 ಪೈಸೆ. ಕೆಳಗಡೆ ನಲ್ಲಿಯಿದ್ದ ಡ್ರಮ್ಮುಗಳಲ್ಲಿ ಕದಡಿ ಇಟ್ಟರು. ರೋಗಿಯ ತಾಯಿಯೋ ತಂಗಿಯೋ ಗಂಡನೋ ಲೋಟ ಹಿಡಿದು ಬಂದು ತುಂಬಿಸಿಕೊಂಡು ಹೋಗಿ ಕುಡಿಸಬೇಕು. ಬಾಯಾರಿಕೆ ಇರುವವರೆಗೆ ಕುಡಿಸುತ್ತಿರಬೇಕು, ಅಷ್ಟೆ. ಬಾಯಾರಿಕೆಯೇ ಅಳತೆಗೋಲು! ಕುಡಿಯಲಾರದಷ್ಟು ಕುಸಿದವರಿಗೆ ಮಾತ್ರ ಉಳಿದ ಸಲೈನ್ ಬಾಟಲಿಗಳು ಮೀಸಲು.

ಜನ ನಂಬಬೇಕಲ್ಲ? ಸಲೈನ್ ಎಂದರೆ ಸೂಜಿಯಿಂದ ಕೊಡುವ ದೊಡ್ಡ ಔಷಧಿ ಎಂದು ನಿರಾಶ್ರಿತರಿಗೂ ಗೊತ್ತಿತ್ತು. ಬರಿಯ ಉಪ್ಪು ಸಕ್ಕರೆ ನೀರನ್ನು ಯಾರು ಔಷಧಿಯೆಂದಾರು? ಅದಕ್ಕೇ ಮಹಲನೋಬಿಸ್ ಇದಕ್ಕೆ 'ಬಾಯಿಂದ ಕುಡಿಯುವ ಸಲೈನ್' ಎಂದೇ ಹೆಸರಿಟ್ಟರು. ಚಿಕ್ಕ ಉಪಾಯ. ಆದರೆ ಈ ಕಥೆಯಲ್ಲಿ ರಸಾಯನಶಾಸ್ತ್ರದಷ್ಟೇ ತೂಕದ್ದು.

ಎಂಟು ವಾರಗಳಲ್ಲಿ ಅಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ರೋಗಿಗಳಿಗೆ ಚಿಕಿತ್ಸೆ ನಡೆಯಿತು. ಮೊದಲು ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇಕಡಾ 3.6ಕ್ಕೆ ಇಳಿಯಿತು. ಮಿಶ್ರಣ ಮಾಡುವ ವಿಧಾನವನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿ ಗಡಿಯುದ್ದಕ್ಕೂ ಹಂಚಿದರು. ಬಾಂಗ್ಲಾದೇಶದ ಹೋರಾಟಗಾರರ ಗುಪ್ತ ರೇಡಿಯೋ ಕೂಡ ಅದನ್ನು ಸಾರಿತು. ಶಿಬಿರವನ್ನು ನೋಡಿಹೋದ ವಿಶ್ವ ಆರೋಗ್ಯ ಸಂಸ್ಥೆಯ ಡಾ. ಧೀಮಾನ್ ಬರುವಾ ಜಿನೀವಾದಲ್ಲಿ ಇದರ ಪರವಾಗಿ ವಾದಿಸುತ್ತಲೇ ಇದ್ದರು. ಮಹಲನೋಬಿಸ್ ತಮ್ಮ ಅನುಭವವನ್ನು ಪ್ರಕಟಿಸಿದ್ದು 1973ರಲ್ಲಿ. ಶಿಬಿರದಲ್ಲಿ ಅರ್ಧ ಜನಕ್ಕೆ ಕೊಟ್ಟು ಅರ್ಧ ಜನಕ್ಕೆ ಕೊಡದೆ ಹೋಲಿಸುವ ಶಾಸ್ತ್ರೀಯ ಪ್ರಯೋಗ ನಡೆದಿರಲಿಲ್ಲ ಎಂದು ಆಕ್ಷೇಪಿಸಲು ಅವಕಾಶವಿತ್ತು. ಸಾಯುತ್ತಿರುವವರ ನಡುವೆ ಹಾಗೆ ಮಾಡುವ ಮನಸ್ಸು ಯಾರಿಗೆ ಬಂದೀತು? 1978ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯೇ ಉಪ್ಪು ಮತ್ತು ಗ್ಲೂಕೋಸಿನ ಈ ಜೊತೆಗಾರಿಕೆಯ ಶೋಧವನ್ನು ಬಹುಶಃ ಶತಮಾನದ ಅತಿ ಮುಖ್ಯ ವೈದ್ಯಕೀಯ ಮುನ್ನಡೆ ಎಂದು ಬಣ್ಣಿಸಿತು. ಆ ಹೊತ್ತಿಗೆ ಯುನಿಸೆಫ್ ಪೊಟ್ಟಣಗಳು ದೇಶದೇಶಕ್ಕೆ ಹೋಗತೊಡಗಿದ್ದವು. ಈಗ ನಾವು ಔಷಧಿ ಅಂಗಡಿಯಲ್ಲಿ ಓಆರ್‌ಎಸ್ ಎಂದು ಕೇಳುವುದು ಅದರದೇ ತಿದ್ದಿದ ರೂಪ. ಉಪ್ಪು, ಗ್ಲೂಕೋಸುಗಳ ಪ್ರಮಾಣವನ್ನು 2002ರಲ್ಲಿ ಇಳಿಸಲಾಯಿತು.

ಬಾಂಗ್ಲಾದೇಶ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಪೊಟ್ಟಣವೂ ಸಿಗದ ಊರುಗಳಲ್ಲಿ ಏನು ಮಾಡುವುದು? 1980ರಿಂದ ಹತ್ತು ವರ್ಷ ಬ್ರಾಕ್ ಸಂಸ್ಥೆಯ ಮಹಿಳೆಯರು ಮನೆಮನೆಗೆ ನಡೆದು ಒಂದು ಕೋಟಿಗೂ ಹೆಚ್ಚು ಮನೆಗಳ ಹೆಂಗಸರಿಗೆ ಪಾಠ ಹೇಳಿದರು: ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಈ ಕಾರ್ಯಕರ್ತೆಯರಿಗೆ ಸಂಬಳ ಕೊಟ್ಟ ರೀತಿ ಸೋಜಿಗದ್ದು. ಕೆಲ ದಿನಗಳ ನಂತರ ಪರಿಶೀಲಕರು ಬಂದು, ಕಲಿತ ತಾಯಂದಿರಿಗೆ ಎಷ್ಟು ನೆನಪಿದೆ, ಅವರು ಕದಡಿದ ನೀರು ಸರಿಯಿದೆಯೇ ಎಂದು ನೋಡುತ್ತಿದ್ದರು. ಶಿಷ್ಯೆ ಪಾಸಾದರೆ ಗುರುವಿಗೆ ಹಣ!

ಇಷ್ಟು ತಿಳಿದ ಮೇಲೂ 1994ರಲ್ಲಿ ಆಫ್ರಿಕದ ಗೋಮಾದಲ್ಲಿ ಘೋರ ನಡೆಯಿತು. ರುವಾಂಡದಿಂದ ಓಡಿಬಂದು ಅಲ್ಲಿ ಸೇರಿದ್ದ ನಿರಾಶ್ರಿತರಲ್ಲಿ ಮೊದಲ ತಿಂಗಳೊಂದರಲ್ಲೇ ಹತ್ತಿರಹತ್ತಿರ 50,000 ಜನ ಸತ್ತರು. ಬಹುಪಾಲು ಭೇದಿ ರೋಗಗಳಿಂದ. ಜಗತ್ತಿನ ನೆರವು ಸಂಸ್ಥೆಗಳೂ ಟೆಲಿವಿಷನ್ ಕ್ಯಾಮೆರಾಗಳೂ ಅಲ್ಲಿ ನೆರೆದಿದ್ದವು. ಶುದ್ಧ ನೀರು ಮಾತ್ರ ಬೇಕಾದಷ್ಟಿರಲಿಲ್ಲ. ಢಾಕಾದ ಕಾಲರಾ ಕೇಂದ್ರದ ತಂಡವೊಂದು ಅಲ್ಲಿಗೆ ಹೋಗಿ ನೋಡಿ ಬರೆದ ವರದಿ ಇರಿಯುವಂತಿದೆ: ಸಲೈನ್ ಕೊಟ್ಟದ್ದು ನಿಧಾನ, ಕೊಟ್ಟದ್ದೂ ಸೂಕ್ತವಾದದ್ದಲ್ಲ, ಬಾಯಿಂದ ಕುಡಿಸಿದ್ದು ಸಾಲದು, ಎಷ್ಟೋ ಸಿಬ್ಬಂದಿಗೆ ಕಾಲರಾ ನೋಡಿದ ಅನುಭವವೇ ಇಲ್ಲ. ಇಪ್ಪತ್ಮೂರು ವರ್ಷಗಳ ಹಿಂದೆ ನೆರವು ಪಡೆದ ನಾಡಿನ ವೈದ್ಯರು ನೆರವು ಕೊಡುವವರಿಗೆ ಪಾಠ ಹೇಳಬೇಕಾಗಿ ಬಂತು.

ಮಹಲನೋಬಿಸ್ 2022ರ ಅಕ್ಟೋಬರಿನಲ್ಲಿ ತೀರಿಕೊಂಡರು. ಪದ್ಮವಿಭೂಷಣ ಘೋಷಣೆಯಾದದ್ದು ಮರು ವರ್ಷದ ಜನವರಿಯಲ್ಲಿ. ಅದರ ಮರು ವರ್ಷ, 2024ರಲ್ಲಿ, 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ನಡೆದದ್ದು ನಮ್ಮ ಕರ್ನಾಟಕದಲ್ಲಿ ಮತ್ತು ಬಿಹಾರದಲ್ಲಿ. ಮಗುವಿಗೆ ಭೇದಿಯಾಗಿದೆ ಎಂದು ಹೇಳುವ ನಟರನ್ನು ಎರಡು ಸಾವಿರಕ್ಕೂ ಹೆಚ್ಚು ಖಾಸಗಿ ಚಿಕಿತ್ಸಕರ ಬಳಿಗೆ ಕಳುಹಿಸಿ ನೋಡಿದರು. ಓಆರ್‌ಎಸ್ ಒಳ್ಳೆಯದೆಂದು ಗೊತ್ತಿದ್ದೂ ಚಿಕಿತ್ಸಕರು ಬರೆದುಕೊಡುತ್ತಿರಲಿಲ್ಲ. ಮುಖ್ಯ ಕಾರಣ ಲಾಭದಾಸೆಯೂ ಅಲ್ಲ, ಪೊಟ್ಟಣದ ಅಭಾವವೂ ಅಲ್ಲ. ಬಂದವರಿಗೆ ಇದು ಬೇಡ, ಅವರು ಬೇರೇನೋ ಔಷಧಿ ಬಯಸುತ್ತಾರೆ ಎಂಬ ಎಣಿಕೆ. ಬಂದವರೇ ಬಾಯಿಬಿಟ್ಟು ಓಆರ್‌ಎಸ್ ಬೇಕೆಂದಾಗ ಬರೆದುಕೊಡುವವರ ಪ್ರಮಾಣ ನೂರಕ್ಕೆ ಇಪ್ಪತ್ತೇಳರಷ್ಟು ಏರಿತು.