ಕಲಿಯೋಕೆ ಎಷ್ಟು ದಿನ ಬೇಕು? ಕೀಬೋರ್ಡ್, ಮೌಸ್ ಕಥೆ

1/7
ಒಂದು ಸಣ್ಣ ಕೆಲಸ ಮಾಡಿ. ಕೀಬೋರ್ಡಿನ ಮೇಲಿನ ಸಾಲನ್ನ ಎಡದಿಂದ ಓದಿ. ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ. ಯಾವ ಭಾಷೆಯ ಪದವೂ ಅಲ್ಲ. ಆದರೂ ನಿಮ್ಮ ಬೆರಳಿಗೆ ಕತ್ತಲಲ್ಲೂ ಗೊತ್ತು, ಅಲ್ವಾ?

ಕಳೆದ ತಿಂಗಳು ನಮ್ಮ ಕ್ಲಾಸಲ್ಲಿ ಒಂದು ಅಸೈನ್‌ಮೆಂಟ್ ಕೊಟ್ರು: ಕೀಬೋರ್ಡ್ ಅಥವಾ ಮೌಸ್ ಇನ್ನೂ ಚೆನ್ನಾಗಿ ಮಾಡೋಕೆ ಐಡಿಯಾ ಕೊಡಿ. ನಾನು ಎ, ಬಿ, ಸಿ ಕ್ರಮದಲ್ಲೇ ಕೀಲಿಗಳಿರೋ ಕೀಬೋರ್ಡ್ ಬರೆದುಕೊಂಡು ಹೋದೆ. ಭಾರಿ ಹೊಸ ಐಡಿಯಾ ಅಂದುಕೊಂಡಿದ್ದೆ! ಸರ್ ಕೇಳಿದ್ದು ಒಂದೇ ಪ್ರಶ್ನೆ: "ಟೈಪಿಂಗ್ ಈಗಾಗಲೇ ಬರೋರಿಗೆ ಇದನ್ನ ಕಲಿಯೋಕೆ ಎಷ್ಟು ದಿನ ಬೇಕು?"

ನನ್ನ ಹತ್ರ ಉತ್ತರ ಇರಲಿಲ್ಲ. ಹುಡುಕ್ತಾ ಹೋದೆ. ಅಮೆರಿಕದಲ್ಲಿ ಶುರುವಾದ ಕಥೆ ಕೊನೆಗೆ ನಮ್ಮ ಅಜ್ಜಿಯ ಫೋನಿಗೆ ಬಂದು ನಿಂತಿತು. ಪೂರ್ತಿ ಓದಿ.

2/7
ಮೊದಲು ನನ್ನ "ಹೊಸ" ಐಡಿಯಾದ ಗತಿ ಕೇಳಿ. ಅಮೆರಿಕದ ಮಿಲ್ವಾಕಿಯ ಕ್ರಿಸ್ಟೋಫರ್ ಶೋಲ್ಸ್ 1868ರಲ್ಲಿ ಟೈಪ್‌ರೈಟರ್‌ಗೆ ಪೇಟೆಂಟ್ ಪಡೆದರು. ಆಗ ಅದರ ಕೀಲಿಗಳು ಪಿಯಾನೊ ಥರ ಇದ್ದವು, ಅಕ್ಷರಗಳು ಎಬಿಸಿಡಿ ಕ್ರಮದಲ್ಲೇ ಇದ್ದವು! ಅಂದರೆ ನನ್ನ ಐಡಿಯಾಗೆ 150 ವರ್ಷ ವಯಸ್ಸು. ಅದರ ಗುರುತು ಇವತ್ತಿಗೂ ಉಳಿದಿದೆ. ನಡುವಿನ ಸಾಲು ನೋಡಿ: ಡಿ, ಎಫ್, ಜಿ, ಎಚ್, ಜೆ, ಕೆ, ಎಲ್. ನಡುವೆ ಸ್ವರಗಳು ಬಿಟ್ಟುಹೋಗಿವೆ, ಅಷ್ಟೇ.

ಶೋಲ್ಸ್ ಆ ಕ್ರಮವನ್ನ ಮತ್ತೆ ಮತ್ತೆ ಬದಲಿಸಿದರು. ಅಕ್ಷರದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲಿ ಅಂತ ಬದಲಿಸಿದ್ರು ಅನ್ನೋದು ಒಂದು ವಾದ. ಮೋರ್ಸ್ ಸಂದೇಶ ಕೇಳಿ ಬರೆದುಕೊಳ್ಳೋ ಟೆಲಿಗ್ರಾಫ್ ನೌಕರರ ಅನುಕೂಲಕ್ಕೆ ಅನ್ನೋದು ಇನ್ನೊಂದು. 1874ರಲ್ಲಿ ಬಂದೂಕು ಮಾಡೋ ರೆಮಿಂಗ್ಟನ್ ಕಂಪನಿ ಈ ಯಂತ್ರವನ್ನ ಮಾರುಕಟ್ಟೆಗೆ ತಂದಿತು. ಜನ ಕಲಿತರು, ಕಲಿಸೋ ಶಾಲೆಗಳು ಬಂದವು, ಕ್ರಮ ಗಟ್ಟಿಯಾಯ್ತು.

ತಮಾಷೆ ಏನು ಗೊತ್ತಾ? ಶೋಲ್ಸ್‌ಗೇ ತೃಪ್ತಿ ಇರಲಿಲ್ಲ. ಕೊನೆಗಾಲದಲ್ಲಿ ಬೇರೆಯೇ ಕ್ರಮದ ಕೀಬೋರ್ಡ್‌ಗೆ ಅರ್ಜಿ ಹಾಕಿದ್ರು. ಅವರು ತೀರಿಕೊಂಡದ್ದು 1890ರಲ್ಲಿ, ಆ ಪೇಟೆಂಟ್ ಬಂದದ್ದು 1896ರಲ್ಲಿ. ಆಗ ಅದನ್ನ ಕೇಳೋರೇ ಇರಲಿಲ್ಲ.

3/7
ಮುಂದೆ ಬಂದವರು ಆಗಸ್ಟ್ ಡ್ವೊರಾಕ್. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ಮನೋವಿಜ್ಞಾನ ಕಲಿಸ್ತಿದ್ದವರು. ಇಂಗ್ಲಿಷಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತೆ, ಬೆರಳು ಎಷ್ಟು ದೂರ ಓಡುತ್ತೆ ಅಂತ ವರ್ಷಗಟ್ಟಲೆ ಲೆಕ್ಕ ಹಾಕಿದರು. 1936ರಲ್ಲಿ ಅವರಿಗೂ ಅವರ ಭಾವಮೈದುನ ವಿಲಿಯಂ ಡೀಲಿಗೂ ಹೊಸ ಕೀಬೋರ್ಡಿನ ಪೇಟೆಂಟ್ ಸಿಕ್ತು.

ಎಲ್ಲ ಸ್ವರಗಳೂ ಎಡಗೈ ಕೆಳಗೆ. ಹೆಚ್ಚು ಬಳಸೋ ವ್ಯಂಜನಗಳು ಬಲಗೈ ಕೆಳಗೆ. ಬೆರಳು ಸುಮ್ಮನೆ ಕೂರೋ ನಡುವಿನ ಸಾಲಲ್ಲೇ ಸುಮಾರು 70% ಕೆಲಸ ಮುಗಿಯುತ್ತೆ. ಹಳೆಯದರಲ್ಲಿ ಆ ಸಾಲಿಗೆ ಸಿಗೋದು ಸುಮಾರು 32% ಮಾತ್ರ.

ಕಾಗದದ ಮೇಲೆ ಡ್ವೊರಾಕ್ ಗೆದ್ದಾಯ್ತು. 1944ರಲ್ಲಿ ಅಮೆರಿಕದ ನೌಕಾಪಡೆಯ ಪರೀಕ್ಷೆಯಲ್ಲೂ ಹೊಗಳಿಕೆ ಬಂತು. ಆದ್ರೆ 1956ರಲ್ಲಿ ಅಲ್ಲಿನ ಸರ್ಕಾರಕ್ಕಾಗಿ ಅರ್ಲ್ ಸ್ಟ್ರಾಂಗ್ ಮಾಡಿದ ಇನ್ನೊಂದು ಪರೀಕ್ಷೆ, ಕಲಿತವರಿಗೆ ಮತ್ತೆ ಹೊಸದಾಗಿ ಕಲಿಸೋ ಖರ್ಚಿಗೆ ತಕ್ಕ ಲಾಭ ಇಲ್ಲ ಅಂತು. ನಮ್ಮ ಸರ್ ಕೇಳಿದ ಪ್ರಶ್ನೆಯೇ ಅದು. ಡ್ವೊರಾಕ್ ಬೆರಳಿನ ಓಟ ಅಳೆದರು. ಬೆರಳು ಕಲಿತದ್ದನ್ನ ಮರೆಯೋಕೆ ಕೊಡಬೇಕಾದ ಬೆಲೆ ಅವರ ಲೆಕ್ಕಕ್ಕೆ ಬರಲಿಲ್ಲ.

4/7
ಈಗ ಮೌಸ್. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್ಬಾರ್ಟ್ ಅಂತ ಎಂಜಿನಿಯರ್. ಪರದೆ ಮೇಲೆ ಒಂದು ಜಾಗ ತೋರಿಸೋಕೆ ಒಳ್ಳೆ ಸಾಧನ ಯಾವುದು ಅನ್ನೋದು ಅವರ ಪ್ರಶ್ನೆ. 1964ರಲ್ಲಿ ಅವರ ಸಹೋದ್ಯೋಗಿ ಬಿಲ್ ಇಂಗ್ಲಿಷ್ ಒಂದು ಮರದ ಪೆಟ್ಟಿಗೆ ಮಾಡಿಕೊಟ್ರು. ಕೆಳಗೆ ಎರಡು ಚಕ್ರ, ಮೇಲೆ ಒಂದು ಗುಂಡಿ, ಬಾಲದ ಥರ ಒಂದು ವೈರ್. ಅದಕ್ಕೇ ಇಲಿ! ಆ ಹೆಸರು ಮೊದಲು ಯಾರ ಬಾಯಿಂದ ಬಂತೋ ತಂಡದವರಿಗೇ ನೆನಪಿರಲಿಲ್ಲ.

ನನಗೆ ಇಷ್ಟವಾದದ್ದು ಮುಂದಿನ ಮಾತು. ನಮ್ಮದೇ ಶ್ರೇಷ್ಠ ಅಂತ ಅವರು ಕೂತುಬಿಡಲಿಲ್ಲ. ಲೈಟ್ ಪೆನ್, ಜಾಯ್‌ಸ್ಟಿಕ್, ಮೇಜಿನ ಕೆಳಗೆ ಮೊಣಕಾಲಿಂದ ಆಡಿಸೋ ಸಾಧನ, ಎಲ್ಲವನ್ನೂ ಜನರ ಕೈಗೆ ಕೊಟ್ಟು ಸಮಯ ಅಳೆದರು. ಮೊದಲ ಸಲ ಮುಟ್ಟಿದವರಿಗೆ ಲೈಟ್ ಪೆನ್ನು, ಮೊಣಕಾಲಿನ ಸಾಧನ ಸಲೀಸಾಗಿದ್ವು. ಸ್ವಲ್ಪ ಅಭ್ಯಾಸ ಆದವರ ಕೈಯಲ್ಲಿ ಮೌಸ್ ಗೆದ್ದಿತು. ಪೆನ್ನಾದ್ರೆ ಪ್ರತಿ ಸಲ ಕೈ ಎತ್ತಿ ಪರದೆಗೆ ಹಿಡಿಯಬೇಕು, ಮೌಸ್ ಹಿಡಿದ ಕೈ ಮೇಜಿನ ಮೇಲೇ ಇರುತ್ತೆ.

1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸುಮಾರು ಸಾವಿರ ಜನರ ಮುಂದೆ ಎಂಗೆಲ್ಬಾರ್ಟ್ ಇದನ್ನ ತೋರಿಸಿದರು. ನೀವು ಮೌಸ್ ಹಿಡಿಯೋದನ್ನ ಕಲಿತ ದಿನ ನೆನಪಿದೆಯಾ? ನನಗಂತೂ ಇಲ್ಲ. ನೆನಪಿಡೋವಷ್ಟು ಕಷ್ಟ ಆಗಲೇ ಇಲ್ಲ.

5/7
ಅದೇ ದಿನ ಎಂಗೆಲ್ಬಾರ್ಟ್ ಎಡಗೈ ಕೆಳಗೆ ಇನ್ನೊಂದು ಸಾಧನ ಇತ್ತು. ಐದೇ ಕೀಲಿ. ಹಾರ್ಮೋನಿಯಂ ನುಡಿಸಿದ ಹಾಗೆ ಎರಡು ಮೂರು ಕೀಲಿ ಒಟ್ಟಿಗೆ ಒತ್ತಿದ್ರೆ ಒಂದು ಅಕ್ಷರ. ಐದು ಕೀಲಿಯಿಂದ 31 ಜೋಡಣೆ ಸಾಧ್ಯ, ಲೆಕ್ಕ ಹಾಕಿ ನೋಡಿ. ಬಲಗೈ ಮೌಸ್ ಬಿಡೋದೇ ಬೇಡ, ಎಡಗೈ ಒಂದರಲ್ಲೇ ಬರೀಬಹುದು. ಎಂಥ ಐಡಿಯಾ!

ಆದ್ರೆ ಆ 31 ಜೋಡಣೆ ಬಾಯಿಪಾಠ ಮಾಡಬೇಕು. ಮೌಸ್ ಲೋಕಕ್ಕೆಲ್ಲ ಹರಡಿತು, ಐದು ಕೀಲಿಯ ಪೆಟ್ಟಿಗೆ ಪ್ರಯೋಗಾಲಯಗಳ ಆಚೆ ಹೆಚ್ಚು ದೂರ ಹೋಗಲಿಲ್ಲ. ಒಬ್ಬರೇ ಮನುಷ್ಯ, ಒಂದೇ ಮೇಜು, ಎರಡು ಸಾಧನ, ಎರಡು ಹಣೆಬರಹ.

ಹಣದ ಕಥೆಯೂ ಇದೆ. ಪೇಟೆಂಟ್ 1970ರಲ್ಲಿ ಬಂತು, ಹಕ್ಕು ಸಂಸ್ಥೆಯದ್ದು. ಲೋಕವೆಲ್ಲ ಬಳಸಿದ ಮೌಸ್‌ನಿಂದ ಎಂಗೆಲ್ಬಾರ್ಟ್‌ಗೆ ರಾಯಲ್ಟಿ ಅಂತ ಏನೂ ಬರಲಿಲ್ಲ.

6/7
ಈಗ ಮನೆಗೆ ಬರೋಣ. ಇಂಗ್ಲಿಷ್‌ಗೆ 26 ಅಕ್ಷರ ಸಾಕು. ಕನ್ನಡಕ್ಕೆ ಸ್ವರ, ವ್ಯಂಜನ, ಕಾಗುಣಿತ, ಒತ್ತಕ್ಷರ ಸೇರಿದ್ರೆ ಸಾವಿರಾರು ರೂಪ. ಹಳೆ ಕನ್ನಡ ಟೈಪ್‌ರೈಟರ್‌ನಲ್ಲಿ ಅಕ್ಷರದ ತುಂಡುಗಳನ್ನ ಕೀಲಿಗಳಿಗೆ ಹಂಚಿದ್ರು. ಕೈ ಅಕ್ಷರದ ಆಕಾರವನ್ನ ಜೋಡಿಸಬೇಕಿತ್ತು.

ಕಂಪ್ಯೂಟರ್ ಬಂದ ಮೇಲೆ ಆಕಾರ ಜೋಡಿಸೋ ಕೆಲಸ ಅದಕ್ಕೇ ಬಿಡಬಹುದು, ನಾವು ಧ್ವನಿ ಮಾತ್ರ ಒತ್ತಿದ್ರೆ ಸಾಕು. ಕೇಂದ್ರ ಸರ್ಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸ ಹೀಗೇ ಕೆಲಸ ಮಾಡುತ್ತೆ. ಒಮ್ಮೆ ಕಲಿತರೆ ಹಲವು ಭಾರತೀಯ ಭಾಷೆಗೆ ಆಗುತ್ತೆ, ಅದು ದೊಡ್ಡ ಗುಣ. ಆದ್ರೆ ಕೀಲಿಗಳ ಜಾಗ ಪೂರ್ತಿ ಹೊಸದು.

ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಬೇರೆ ದಾರಿ ಹಿಡಿದರು. ಕೆ ಕೀಲಿಗೆ ಕ, ಶಿಫ್ಟ್ ಒತ್ತಿದ್ರೆ ಖ. ಜಿಗೆ ಗ, ಶಿಫ್ಟ್ ಜೊತೆ ಘ. ಪ ಫ, ಬ ಭ, ತ ಥ ಎಲ್ಲ ಹೀಗೇ. ಒಂದನೇ ಕ್ಲಾಸಲ್ಲಿ ಕಲಿತ ಅಲ್ಪಪ್ರಾಣ, ಮಹಾಪ್ರಾಣವೇ ಇಲ್ಲಿ ಶಿಫ್ಟ್ ಕೀಲಿ! ಎಲ್ಲವೂ ಆ 26 ಕೀಲಿಯೊಳಗೇ. "ಕನ್ನಡ" ಬರೆಯೋಕೆ ಕೆ, ಎನ್, ಎಫ್, ಎನ್, ಡಬ್ಲ್ಯೂ: ಐದೇ ಒತ್ತು. ಇಂಗ್ಲಿಷ್ ಅಕ್ಷರದಲ್ಲಿ ಅದೇ ಪದಕ್ಕೆ ಏಳು ಬೇಕು.

ಹೊಸದಾಗಿ ಕಲಿಯೋದು ಕೆಲವೇ ಇವೆ. ಒತ್ತಿಗೆ ಎಫ್, ಟಗೆ ಕ್ಯೂ, ಡಗೆ ಡಬ್ಲ್ಯೂ, ಷಗೆ ಎಕ್ಸ್, ಹೀಗೆ. ಉಳಿದದ್ದು ಬೆರಳಿಗೂ ಗೊತ್ತು, ನಾಲಿಗೆಗೂ ಗೊತ್ತು.

ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಮಾಡಿದ ತಂತ್ರಾಂಶವನ್ನ ರಾವ್ ಉಚಿತವಾಗಿ ಹಂಚಿದರು. ಮುಂದೆ "ನುಡಿ" ಬಂದಾಗ ಅದರಲ್ಲೂ ಈ ವಿನ್ಯಾಸವೇ, ರಾಜ್ಯ ಸರ್ಕಾರ ಒಪ್ಪಿದ್ದೂ ಇದನ್ನೇ.

7/7
ನನಗೆ ಇದನ್ನ ಕಲಿಯೋಕೆ ಒಂದು ಸಂಜೆ ಹಿಡೀತು, ಸಲೀಸಾಗೋಕೆ ಒಂದು ವಾರ. ಸರ್ ಪ್ರಶ್ನೆಗೆ ಈಗ ನನ್ನ ಹತ್ರ ಉತ್ತರ ಇದೆ. ಹೊಸ ವಿನ್ಯಾಸ ಮಾಡೋ ಮೊದಲು, ಜನರಿಗೆ ಈಗಾಗಲೇ ಏನು ಗೊತ್ತಿದೆ ಅಂತ ನೋಡಬೇಕು. ಅದರ ಮೇಲೆ ಕಟ್ಟಿದ್ರೆ ಉಳಿಯುತ್ತೆ, ಅದನ್ನ ಅಳಿಸೋಕೆ ಹೋದ್ರೆ ಡ್ವೊರಾಕ್ ಅಷ್ಟು ಲೆಕ್ಕ ಹಾಕಿದ್ರೂ ಕಷ್ಟ.

ಇನ್ನು ಅಜ್ಜಿ ವಿಷಯ. ನಮ್ಮ ಮನೆ ಗ್ರೂಪಲ್ಲಿ ಮೊಮ್ಮಕ್ಕಳೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೀತೀವಿ. ಅಜ್ಜಿ ದಿನಾ ಪೇಪರ್ ಮೊದಲ ಪುಟದಿಂದ ಕೊನೆವರೆಗೂ ಓದ್ತಾರೆ. ಆದ್ರೆ ನಮ್ಮ ಮೆಸೇಜ್ ಬಂದ್ರೆ ಫೋನ್ ಹಿಡ್ಕೊಂಡು ಅಡುಗೆಮನೆಗೆ ಹೋಗಿ ಅಮ್ಮನಿಗೆ "ಏನು ಬರ್ದಿದಾನೆ ನೋಡೇ" ಅಂತಾರೆ. ಓದು ಬರೋ ಮನುಷ್ಯರನ್ನ ನಾವೇ ಓದು ಬಾರದವರ ಥರ ಮಾಡಿಬಿಟ್ಟಿದ್ವಿ.

ಹೋದ ಭಾನುವಾರ ಹಾಸ್ಟೆಲ್‌ನಿಂದ ಲ್ಯಾಪ್‌ಟಾಪಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಕಳಿಸಿದೆ: "ಅಜ್ಜಿ, ಊಟ ಆಯ್ತಾ?"

ಎರಡೇ ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು. "ಆಯ್ತು ಕಣೋ. ಇವತ್ತು ನಾನೇ ಓದಿದೆ."

ನಿಮ್ಮ ಮನೇಲೂ ಇಂಥ ಒಬ್ಬರು ಇದ್ದೇ ಇರ್ತಾರೆ. ಇವತ್ತು ಅವರಿಗೆ ಒಂದು ಸಾಲು ಕನ್ನಡದಲ್ಲಿ ಕಳಿಸಿ. ಏನು ಉತ್ತರ ಬಂತು ಅಂತ ಕೆಳಗೆ ಬರೀರಿ, ಕನ್ನಡದಲ್ಲೇ.

#ಕೀಬೋರ್ಡ್‌ಕಥೆ #ಕನ್ನಡದಲ್ಲಿಟೈಪ್‌ಮಾಡಿ