ಹ್ಯೂಯೆನ್‌ತ್ಸಾಂಗನ ಎರಡು ಅಕ್ಷರಗಳು

ಸುಮಾರು ಮೂವತ್ತೈದು ವರ್ಷಗಳ ಹಿಂದಿನ ಮಾತು. ರಾಯಚೂರಿನ ಕಾಲೇಜೊಂದರಲ್ಲಿ ನಾನು ಬಿ.ಎ. ತರಗತಿಗೆ ಕನ್ನಡ ನಾಡಿನ ಸಾಂಸ್ಕೃತಿಕ ಇತಿಹಾಸವನ್ನು ಬೋಧಿಸುತ್ತಿದ್ದೆ. ಅಂದಿನ ಪಾಠ ಬಾದಾಮಿಯ ಚಾಲುಕ್ಯರದು. ಚೀನಾದೇಶದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ದಕ್ಷಿಣದಲ್ಲಿ ಕೊಂಕಣಪುರವೆಂಬ ರಾಜಧಾನಿಯನ್ನು ಕಂಡನೆಂದೂ, ಆ ಕೊಂಕಣಪುರವು ನಮ್ಮ ಜಿಲ್ಲೆಯ ಆನೆಗೊಂದಿಯೇ ಎಂದೂ ತುಸು ಅಭಿಮಾನದಿಂದಲೇ ಹೇಳಿದೆ. ಆಗಿನ್ನೂ ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ; 1997ರವರೆಗೆ ಆನೆಗೊಂದಿಯು ರಾಯಚೂರು ಜಿಲ್ಲೆಗೇ ಸೇರಿತ್ತು. ಮಾನ್ವಿ, ಲಿಂಗಸುಗೂರುಗಳಿಂದ ಬಂದ ಹುಡುಗರ ಮುಖ ಅರಳಿದವು. ಹಿಂದಿನ ಬೆಂಚಿನಿಂದ ದೇವದುರ್ಗದ ಹುಡುಗನೊಬ್ಬ ಎದ್ದು ನಿಂತು, “ಅಂವ ಚೀನೀ ಭಾಷಾದಾಗ ಏನಂತ ಬರದಾನ್ರೀ ಸರ್?” ಎಂದು ಕೇಳಿದ.

ಉತ್ತರ ನನ್ನಲ್ಲಿರಲಿಲ್ಲ. ಮುಂದಿನ ವಾರ ಹೇಳುತ್ತೇನೆಂದೆ. ಆ ಮುಂದಿನ ವಾರ ನನ್ನ ಸೇವಾವಧಿಯಲ್ಲಿ ಬರಲೇ ಇಲ್ಲ.

ನಾನು ಓದಿಕೊಂಡದ್ದು ಯಾವ ಮಾರ್ಗವಾಗಿ ಬಂದಿತ್ತೆಂಬುದನ್ನು ನೋಡಿದರೆ ನಗೆ ಬರುತ್ತದೆ. ಹ್ಯೂಯೆನ್‌ತ್ಸಾಂಗನು ಸ್ವದೇಶಕ್ಕೆ ಮರಳಿದ್ದು 645ರಲ್ಲಿ. ಮರುವರ್ಷವೇ ಆತನ ಪ್ರವಾಸಗ್ರಂಥವಾದ ‘ಸಿ-ಯು-ಕಿ’ ಸಿದ್ಧವಾಯಿತು. ಅದನ್ನು ಪ್ಯಾರಿಸ್ಸಿನ ಸ್ತಾನಿಸ್ಲಾ ಜ್ಯೂಲಿಯೆನ್ 1857-58ರಲ್ಲಿ ಫ್ರೆಂಚಿಗೆ ತಂದರು. ಆ ಫ್ರೆಂಚನ್ನು ಆಧರಿಸಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ 1871ರಲ್ಲಿ ತಮ್ಮ ಪ್ರಾಚೀನ ಭಾರತ ಭೂಗೋಳವನ್ನು ಬರೆದು, ಕೊಂಕಣಪುರವನ್ನು ತುಂಗಭದ್ರೆಯ ಉತ್ತರ ದಂಡೆಯ ಆನೆಗೊಂದಿಯಲ್ಲಿ ಇರಿಸಿದರು. ಅದಕ್ಕೂ ಮೊದಲೇ ಸೇಂಟ್ ಮಾರ್ಟಿನ್ ಎಂಬ ಫ್ರೆಂಚ್ ವಿದ್ವಾಂಸರು ಅದನ್ನು ಬನವಾಸಿಯೆಂದಿದ್ದರು. ಆ ಬಳಿಕ 1884ರಲ್ಲಿ ಬೀಲ್ ಅವರ ಇಂಗ್ಲಿಷ್ ಅನುವಾದ, 1904-05ರಲ್ಲಿ ವಾಟರ್ಸ್ ಅವರ ವಿಮರ್ಶೆ. ಇವೆಲ್ಲವುಗಳ ಸಾರಸಂಗ್ರಹವನ್ನು ಯಾವುದೋ ಪಠ್ಯದಲ್ಲಿ ಓದಿ ನಾನು ಮಕ್ಕಳಿಗೆ ದಾಟಿಸಿದೆ. ತುಂಗಭದ್ರೆಯ ದಂಡೆಯ ಊರಿನ ಸುದ್ದಿ ಮಾನ್ವಿಯ ಹುಡುಗನನ್ನು ತಲುಪುವುದಕ್ಕೆ ಚೀನಾ, ಪ್ಯಾರಿಸ್ಸು, ಲಂಡನ್ನುಗಳನ್ನು ಸುತ್ತಿ ಬರಬೇಕಾಯಿತು.

ಯಾತ್ರಿಕನು ಹೇಳಿರುವುದಾದರೂ ಏನು? ಆತ ದ್ರಾವಿಡ ದೇಶದಿಂದ, ಎಂದರೆ ಕಂಚಿಯ ಕಡೆಯಿಂದ, ಕಾಡು ಹೊಕ್ಕು, ಒಂಟಿ ಊರುಗಳನ್ನು ಹಾದು, ದಾರಿಗಳ್ಳರ ಭಯದ ನಡುವೆ ಎರಡು ಸಾವಿರಕ್ಕೂ ಮಿಕ್ಕ ‘ಲೀ’ ದೂರ ನಡೆದು ಈ ರಾಜ್ಯಕ್ಕೆ ಬಂದ. ಭೂಮಿ ಫಲವತ್ತಾದುದು, ಹವೆ ಬಿಸಿ, ಜನ ಕಪ್ಪು ಮೈಬಣ್ಣದವರು, ಸ್ವಭಾವ ಒರಟು. ಆದರೆ ವಿದ್ಯೆಯಲ್ಲಿ ಆಸಕ್ತರು, ಗುಣಕ್ಕೂ ಕಲೆಗೂ ಮನ್ನಣೆ ಕೊಡುವವರು. (ಇದನ್ನು ಓದಿದಾಗಲೆಲ್ಲ ನಮ್ಮ ಎಡೆದೊರೆ ನಾಡಿನವರನ್ನೇ ಕುರಿತು ಬರೆದಂತೆ ನನಗೆ ತೋರಿದ್ದುಂಟು. ಆದರೆ ಇದು ಪ್ರಮಾಣವಲ್ಲ, ಮಮಕಾರ.) ನೂರಕ್ಕೂ ಹೆಚ್ಚು ಬೌದ್ಧ ವಿಹಾರಗಳು, ಹತ್ತು ಸಾವಿರಕ್ಕೂ ಮಿಕ್ಕ ಭಿಕ್ಷುಗಳು, ನೂರಾರು ದೇವಾಲಯಗಳು. ಅರಮನೆಯ ಪಕ್ಕದ ವಿಹಾರದಲ್ಲಿ ಸಿದ್ಧಾರ್ಥ ಕುಮಾರನದೆನ್ನಲಾದ ಒಂದು ರತ್ನಕಿರೀಟ. ಎರಡಡಿಗಿಂತ ಕಡಿಮೆ ಎತ್ತರದ ಅದನ್ನು ಉಪವಾಸದ ದಿನಗಳಲ್ಲಿ ಪೆಟ್ಟಿಗೆಯಿಂದ ಹೊರತೆಗೆದು ಎತ್ತರದ ಪೀಠದ ಮೇಲಿರಿಸಿ ಹೂವು ಧೂಪಗಳಿಂದ ಅರ್ಚಿಸುತ್ತಿದ್ದರು. ಊರಿನ ಬಡಗಣಕ್ಕೆ ಮೂವತ್ತು ಲೀ ಸುತ್ತಳತೆಯ ತಾಳೆಯ ತೋಪು. ಅದರ ಗರಿಗಳು ಉದ್ದ, ಅಗಲ, ನುಣುಪು; ಬರವಣಿಗೆಗಾಗಿ ನಾನಾ ದೇಶದವರು ಅವನ್ನೇ ಬಳಸುತ್ತಿದ್ದರಂತೆ. ಜೀವಮಾನವೆಲ್ಲ ಓಲೆಗರಿಯ ಸಾಹಿತ್ಯವನ್ನು ಪಾಠ ಹೇಳಿದ ನನಗೆ ಕಿರೀಟಕ್ಕಿಂತ ಈ ತೋಪೇ ಹೆಚ್ಚಿನದು.

ಇನ್ನು ತೊಡಕಿನ ಮಾತು. ‘ಸಿ-ಯು-ಕಿ’ಯ ಪ್ರಕಾರ ಆತ ನಡೆದದ್ದು ಉತ್ತರಕ್ಕೆ. ಆತನ ಶಿಷ್ಯ ಹ್ವೇಯ್‌ಲಿ ಬರೆದ ಜೀವನಚರಿತ್ರೆಯ ಪ್ರಕಾರ, ಸಿಂಹಳದ ಎಪ್ಪತ್ತಕ್ಕೂ ಹೆಚ್ಚು ಭಿಕ್ಷುಗಳ ಜೊತೆಯಲ್ಲಿ ವಾಯವ್ಯಕ್ಕೆ. ಚೀನೀಯಲ್ಲಿ ಈ ಎರಡಕ್ಕೂ ಇರುವ ಅಂತರ ಒಂದೇ ಒಂದು ಅಕ್ಷರ. ಕಂಚಿಯಿಂದ ನೇರ ಉತ್ತರಕ್ಕೆ ನಡೆದವನು ಆಂಧ್ರ ದೇಶವನ್ನು ಸೇರುತ್ತಾನೆ. ವಾಯವ್ಯಕ್ಕೆ ನಡೆದವನು ತುಂಗಭದ್ರೆಯ ಕಡೆಗೆ ಬರುತ್ತಾನೆ. ಒಂದು ಅಕ್ಷರ ಹೆಚ್ಚು ಕಡಿಮೆಯಾದರೆ ರಾಜಧಾನಿಯೇ ನಮ್ಮ ಕೈತಪ್ಪುತ್ತದೆ.

ಹೆಸರಿನ ಪಾಡೂ ಇದೇ. ಪ್ರವಾಸಗ್ರಂಥದಲ್ಲಿ ಐದು ಅಕ್ಷರಗಳಿವೆ: ಕೋಂಗ್-ಕನ್-ನ-ಪು-ಲೋ. ಜೀವನಚರಿತ್ರೆಯಲ್ಲಿ ಮೊದಲನೆಯದು ಬಿದ್ದುಹೋಗಿ ‘ಕನ್-ನ-ಪು-ಲೋ’ ಆಗಿದೆ. ಎರಡನೆಯದನ್ನೇ ಹಿಡಿದು ಇದು ‘ಕನ್ನಡಪುರ’ವೆಂದು ಘೋಷಿಸಲು ಉತ್ಸಾಹಿಗಳಿಗೆ ಎಷ್ಟು ಹೊತ್ತು? ದಯವಿಟ್ಟು ಆ ಸಾಹಸ ಬೇಡ. ಚೀನೀ ಬರಹದಲ್ಲಿ ನಮ್ಮಂತೆ ಕಾಗುಣಿತವಿಲ್ಲ. ಪರದೇಶದ ಹೆಸರು ಬಂದಾಗ ಅಕ್ಷರಗಳ ಅರ್ಥವನ್ನು ಬಿಟ್ಟು ಉಚ್ಚಾರಣೆಯನ್ನಷ್ಟೇ ಎರವಲು ಪಡೆಯುತ್ತಾರೆ. ಆ ಉಚ್ಚಾರಣೆಯಾದರೂ ಏಳನೆಯ ಶತಮಾನದ್ದು. ಇಲ್ಲಿ ‘ಕನ್’ ಎಂದು ನಾವು ಓದುವ ಅಕ್ಷರವನ್ನು ಇಂದಿನ ಚೀನೀಯರು ‘ಜಿಯೆನ್’ ಎನ್ನುತ್ತಾರೆ. ರಾಯಚೂರಿನವರಿಗೆ ಇದು ಹೊಸದಾಗಿ ತೋರಬೇಕಾಗಿಲ್ಲ. ನಮ್ಮ ಕಿವಿ ತೆಲುಗರಿಗೆ ಚೆವಿ. ನಮ್ಮ ಕೆಯ್ ಅವರಿಗೆ ಚೆಯ್ಯಿ. ಕಕಾರವು ಮುಂದಿನ ಸ್ವರದ ಸೆಳೆತಕ್ಕೆ ಸಿಕ್ಕಿ ತಾಲವ್ಯವಾಗುವ ಈ ಬಗೆ ಚೀನೀಯಲ್ಲಿಯೂ ನಡೆದಿದೆ.

ಇದೇ ಯಾತ್ರಿಕ ಮುಂದೆ ಮತ್ತೆ ವಾಯವ್ಯಕ್ಕೆ ಎರಡು ಸಾವಿರದ ನಾನೂರು, ಐನೂರು ಲೀ ನಡೆದು ಮಹಾರಾಷ್ಟ್ರವನ್ನು ಸೇರಿ ಅಲ್ಲಿನ ಕ್ಷತ್ರಿಯ ರಾಜ ಪುಲಕೇಶಿಯನ್ನು ಹೆಸರಿಸುತ್ತಾನೆ. ಉತ್ತರಾಪಥದ ಚಕ್ರವರ್ತಿ ಹರ್ಷನಿಗೆ ಈ ಜನರನ್ನು ಮಣಿಸಲಾಗಲಿಲ್ಲವೆನ್ನುತ್ತಾನೆ. ರವಿಕೀರ್ತಿಯು 634ರ ಐಹೊಳೆಯ ಶಾಸನದಲ್ಲಿ ಹೇಳಿದ್ದೂ ಇದನ್ನೇ. ಆದರೆ ರವಿಕೀರ್ತಿ ಅರಸನ ಆಶ್ರಿತ ಕವಿ. ಹೊರಗಿನವನೊಬ್ಬ, ಅದೂ ಹರ್ಷನಿಂದ ಸತ್ಕಾರ ಪಡೆದವನು, ಹರ್ಷನ ಸೋಲನ್ನು ದಾಖಲಿಸಿದ್ದರಿಂದ ಕವಿಯ ಮಾತಿಗೆ ಬೆಲೆ ಬಂದಿತು. ಕನ್ನಡಿಗರು ಇಷ್ಟೊಂದು ಋಣಪಟ್ಟಿರುವ ಭಾಷೆಯನ್ನು ಓದಬಲ್ಲ ಕನ್ನಡ ಇತಿಹಾಸಕಾರರು ಎಷ್ಟು ಮಂದಿ?

ಜಿ.ಪಿ. ರಾಜರತ್ನಂ ಅವರು ‘ಚೀನಾದೇಶದ ಬೌದ್ಧಯಾತ್ರಿಕರು’ ಎಂಬ ಪುಸ್ತಕದಿಂದ ಈ ಮಹನೀಯರನ್ನು ಕನ್ನಡದ ಮನೆಗೆ ಕರೆತಂದರು. ಅನಂತಮೂರ್ತಿಯವರು ಲಾವೋತ್ಸೆಯನ್ನು ‘ದಾವ್ ದ ಜಿಂಗ್’ ಎಂದು ಕನ್ನಡಿಸಿದರು. ಇವೂ ಇಂಗ್ಲಿಷಿನ ಸೇತುವೆಯನ್ನು ದಾಟಿ ಬಂದವೇ. ಮೂಲಕ್ಕೇ ಕೈಯಿಕ್ಕುವ ಯತ್ನ ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಶಾಂತಿನಿಕೇತನದಲ್ಲಿ. ರವೀಂದ್ರರ ಆಹ್ವಾನಕ್ಕೆ ಓಗೊಟ್ಟು 1928ರಲ್ಲಿ ಬಂದ ತಾನ್ ಯುನ್-ಷಾನ್ ಅವರ ದುಡಿಮೆಯಿಂದ 1937ರ ಏಪ್ರಿಲ್‌ನಲ್ಲಿ ಅಲ್ಲಿ ‘ಚೀನಾ ಭವನ’ ತೆರೆಯಿತು. ಅವರು ಮೊದಲು ಮಾಡಿದ ಕೆಲಸ ಚೀನಾದಿಂದ ಪುಸ್ತಕಗಳನ್ನು ತರಿಸಿ ಗ್ರಂಥಾಲಯ ಕಟ್ಟಿದ್ದು. ಭಾರತದಲ್ಲಿ ನಾಶವಾಗಿ ಚೀನೀ ಅನುವಾದದಲ್ಲಿ ಮಾತ್ರ ಉಳಿದ ಸಂಸ್ಕೃತ ಗ್ರಂಥಗಳ ಮೇಲೆ ಅಲ್ಲಿ ವಿದ್ವಾಂಸರು ಕೂತು ದುಡಿದರು. 1962ರ ಯುದ್ಧದ ಕಹಿಯಲ್ಲಿಯೂ ಆ ಪುಸ್ತಕಗಳು ಕಪಾಟಿನಲ್ಲಿಯೇ ಇದ್ದವು.

ಈಗ ರಾಯಚೂರಿಗೂ ವಿಶ್ವವಿದ್ಯಾಲಯ ಬಂದಿದೆ. ಯರಗೇರಾದ ಬಳಿ ಅದರ ಆವರಣವಿದೆ. ಅಲ್ಲಿ ಚೀನಾ ಭವನವನ್ನು ಕಟ್ಟಿರೆಂದು ನಾನು ಹೇಳಲಾರೆ. ಕನ್ನಡ ವಿಭಾಗಗಳಿಗೇ ಅಧ್ಯಾಪಕರು ಸಾಲದ ಕಾಲವಿದು. ನನ್ನ ಬೇಡಿಕೆ ಒಂದು ಕಪಾಟಿನದು. ವಾಟರ್ಸರ ಎರಡು ಸಂಪುಟಗಳು, 1996ರಲ್ಲಿ ಬಂದ ಲಿ ರೊಂಗ್‌ಷಿಯವರ ಇಂಗ್ಲಿಷ್ ಅನುವಾದ, ಒಂದು ಒಳ್ಳೆಯ ಚೀನೀ ನಿಘಂಟು, ಹಳೆಯ ಉಚ್ಚಾರಣೆಯ ಒಂದು ಕೋಶ. ಮೂಲವನ್ನು ಕೊಳ್ಳಬೇಕಾಗಿಯೇ ಇಲ್ಲ. 1924ರಿಂದ 1934ರ ನಡುವೆ ಟೋಕಿಯೋದಲ್ಲಿ ಅಚ್ಚಾದ ‘ತೈಷೋ’ ತ್ರಿಪಿಟಕದ 51ನೆಯ ಸಂಪುಟದಲ್ಲಿ ಪ್ರವಾಸಗ್ರಂಥವೂ, 50ನೆಯದರಲ್ಲಿ ಜೀವನಚರಿತ್ರೆಯೂ ಇವೆ. ಅವನ್ನು ಗಣಕಯಂತ್ರದ ಮೇಲೆ ಯಾರು ಬೇಕಾದರೂ ಉಚಿತವಾಗಿ ತೆರೆಯಬಹುದು. ಇನ್ನು ಬೇಕಾದದ್ದು ಶಾಸನಶಾಸ್ತ್ರ ಬಲ್ಲ, ಎರಡು ವರ್ಷ ಕಣ್ಣು ನೋಯಿಸಿಕೊಳ್ಳಲು ಸಿದ್ಧನಾದ ಒಬ್ಬ ವಿದ್ಯಾರ್ಥಿ. ಆನೆಗೊಂದಿಯೋ ಬನವಾಸಿಯೋ ಎಂಬುದನ್ನು ಆತ ತೀರ್ಮಾನಿಸದಿದ್ದರೂ ಚಿಂತೆಯಿಲ್ಲ. ಮಸ್ಕಿ, ಗವಿಮಠ, ಪಾಲ್ಕಿಗುಂಡುಗಳ ಅಶೋಕ ಶಾಸನಗಳನ್ನು ತೋರಿಸಿ, ‘ಇಲ್ಲಿ ಬೌದ್ಧಧರ್ಮವಿತ್ತು, ಆದ್ದರಿಂದ ಕೊಂಕಣಪುರ ಇಲ್ಲಿಯೇ’ ಎಂದು ವಾದಿಸುವವರಿಗೆ, ನಡುವೆ ಒಂಬತ್ತು ಶತಮಾನಗಳಿವೆ ಎಂದು ಹೇಳುವಷ್ಟು ಧೈರ್ಯ ಅವನಿಗಿದ್ದರೆ ಸಾಕು.

ನಿವೃತ್ತನಾದ ಮೇಲೆ ನಾನೇ ಆ ಮೂಲವನ್ನು ತೆರೆದು ಕುಳಿತೆ. ಚೀನೀ ನನಗೆ ಬಾರದು. ನಿಘಂಟನ್ನಿಟ್ಟುಕೊಂಡು ಗೆರೆಗಳನ್ನೆಣಿಸುತ್ತ ಹೆಸರುಗಳನ್ನಷ್ಟೇ ಹುಡುಕಿದೆ. ಒಂದು ಸಂಜೆ ಊರಿನ ಹೆಸರಿನ ಕೊನೆಯ ಎರಡು ಅಕ್ಷರಗಳು ಅರಸನ ಹೆಸರಿನ ಮೊದಲಲ್ಲಿಯೂ ಕಂಡವು. ‘ಪುರ’ದ ಪುರವೂ ‘ಪುಲಕೇಶಿ’ಯ ಪುಲವೂ ಅಲ್ಲಿ ಒಂದೇ, ‘ಪು-ಲೋ’. ನಮ್ಮ ರಕಾರ, ಲಕಾರಗಳೆರಡಕ್ಕೂ ಆ ಯಾತ್ರಿಕನ ಬಳಿ ಇದ್ದದ್ದು ಒಂದೇ ಅಕ್ಷರ. ಅವೆರಡನ್ನೂ ಚೀಟಿಯೊಂದರಲ್ಲಿ ಸೊಟ್ಟಸೊಟ್ಟಾಗಿ ಬರೆದು, ಈಗ ದೇವದುರ್ಗದ ಕಡೆ ಶಾಲಾಶಿಕ್ಷಕನಾಗಿರುವ ಆ ಹಳೆಯ ವಿದ್ಯಾರ್ಥಿಗೆ ಅಂಚೆಯಲ್ಲಿ ಕಳುಹಿಸಿದೆ. ವಾರದೊಳಗೆ ಕಾರ್ಡು ಬಂತು. ನಮಸ್ಕಾರಗಳನ್ನು ತಿಳಿಸಿ, ಕೆಳಗೆ ಒಂದೇ ಸಾಲು ಬರೆದಿದ್ದ: “ಉಳಿದ ಮೂರು ಅಕ್ಷರ ಯಾವುವುರೀ ಸರ್?”