ಒಬ್ಬ ತಾಯಿಯ ಸಾಕ್ಷಿ, ಜಗತ್ತಿನ ಕಾಯ್ದೆ



ಕಾಯ್ದೆ ಎಲ್ಲಿಂದ ಬರತದ ಅಂತ ಕೇಳಿದರೆ ನಾವು ಮುಂಬಯಿ ಕಡೆಗೋ ದಿಲ್ಲಿ ಕಡೆಗೋ ಕೈ ತೋರಸ್ತೀವಿ. ದೊಡ್ಡ ಓದಿನವರು ಜಿನೀವಾ, ನ್ಯೂಯಾರ್ಕ್ ಅಂತಾರ. ಆದರೆ ಹೆಣ್ಣುಮಕ್ಕಳ ರಕ್ಷಣೆಗೆ ಜಗತ್ತಿನ ದೇಶಗಳು ಕೊಟ್ಟ ಮಾತಿನ ಇತಿಹಾಸ ತೆಗೆದು ನೋಡಿದರೆ, ಅದರ ನಟ್ಟನಡುವೆ ಹೆಸರು ಗೊತ್ತಿಲ್ಲದ ಹಳ್ಳಿಯ ತಾಯಂದಿರು ನಿಂತಿದ್ದಾರೆ. ಆ ಕತೆ ನೀವು ಓದಲೇಬೇಕು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ ಜಿನೀವಾ ಒಪ್ಪಂದಗಳಾದವು. ನಾಲ್ಕನೆಯ ಒಪ್ಪಂದದ 27ನೆಯ ಕಲಮು, ಯುದ್ಧದ ಕಾಲಕ್ಕೆ ಹೆಂಗಸರ 'ಮಾನ'ದ ಮೇಲೆ ದಾಳಿ ಆಗದಂತೆ, ಮುಖ್ಯವಾಗಿ ಅತ್ಯಾಚಾರ ಆಗದಂತೆ ಕಾಯಬೇಕು ಎಂದಿತು. ಒಳ್ಳೆಯ ಮಾತೇ. ಆದರೆ ಅದೇ ಒಪ್ಪಂದದ ಘೋರ ಅಪರಾಧಗಳ ಪಟ್ಟಿಯಲ್ಲಿ ಅತ್ಯಾಚಾರ ಎಂಬ ಪದವೇ ಇರಲಿಲ್ಲ. ಆ 'ಮಾನ' ಅನ್ನುವ ಪದವನ್ನೂ ಸ್ವಲ್ಪ ನಿಂತು ನೋಡ್ರಿ. ನಮ್ಮ ಪೇಪರಿನವರೂ ಎಷ್ಟೋ ವರ್ಷ 'ಮಾನಭಂಗ' ಅಂತಲೇ ಬರೆದರು. ಹೊಡೆತ ಬಿದ್ದದ್ದು ಹೆಣ್ಣುಮಗಳ ಮೈಮೇಲೆ, ಜೀವದ ಮೇಲೆ. ಲೆಕ್ಕಕ್ಕೆ ಹಿಡಿದದ್ದು ಮನೆತನದ ಮರ್ಯಾದೆ. ಮರ್ಯಾದೆ ಹೋಗತದ ಅಂತ ಅವಳ ಬಾಯಿಗೇ ಬೀಗ.

ಈ ಬೀಗ ಮುರಿದದ್ದು ಆಫ್ರಿಕದ ಪುಟ್ಟ ದೇಶ ರುವಾಂಡದ ಹೆಣ್ಣುಮಕ್ಕಳು. ಅಲ್ಲಿ ಹುಟು, ಟುಟ್ಸಿ, ಟ್ವಾ ಎಂಬ ಮೂರು ಜನ. ಆಡುವ ಭಾಷೆ ಒಂದೇ, ಬಾಳುವ ಊರೂ ಒಂದೇ. 1930ರ ದಶಕದಲ್ಲಿ ಬೆಲ್ಜಿಯಂ ಆಳರಸರು ಎಲ್ಲರಿಗೂ ಗುರುತಿನ ಚೀಟಿ ಕೊಟ್ಟು, ಯಾರು ಯಾವ ಜನ ಎಂದು ಅದರ ಮೇಲೇ ಬರೆಸಿದರು. ಹುಟ್ಟು ನೋಡಿ ಮನುಷ್ಯನ ಬೆಲೆ ಕಟ್ಟುವುದು ಎಂಥಾದ್ದು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1994ರ ಏಪ್ರಿಲ್‌ನಿಂದ ಜುಲೈವರೆಗೆ, ಸುಮಾರು ನೂರು ದಿನದಲ್ಲಿ, ಅಂದಾಜು 8 ಲಕ್ಷ ಮಂದಿಯ ಕೊಲೆಯಾಯಿತು. ಹೆಚ್ಚಿನವರು ಟುಟ್ಸಿಗಳು. ದಾರಿಗೆ ಅಡ್ಡ ಕಟ್ಟಿದ ಕಡೆ ಆ ಚೀಟಿ ನೋಡಿಯೇ ಕಡಿದರು. ವಿಶ್ವಸಂಸ್ಥೆಯ ವರದಿಗಾರರ ಅಂದಾಜಿನಂತೆ ಎರಡೂವರೆ ಲಕ್ಷದಿಂದ ಐದು ಲಕ್ಷ ಅತ್ಯಾಚಾರಗಳಾದವು.

ತಾಬಾ ಎಂಬ ಊರಾಡಳಿತಕ್ಕೆ ಜಾನ್ ಪಾಲ್ ಅಕಾಯೇಸು ಮುಖ್ಯಸ್ಥ. ಮೊದಲು ಶಾಲೆಯ ಮಾಸ್ತರನಾಗಿದ್ದವ. ಜೀವ ಉಳಿಸಿಕೊಳ್ಳಲು ಓಡಿ ಬಂದ ಟುಟ್ಸಿ ಹೆಂಗಸರು ಅವನ ಕಚೇರಿಯ ಅಂಗಳದಲ್ಲೇ ಆಶ್ರಯ ಪಡೆದರು. ಸರಕಾರಿ ಜಾಗ, ಇಲ್ಲಿಯಾದರೂ ಕಾಯ್ತಾರ ಅಂತ ನಂಬಿದ್ದರು. ಅತ್ಯಾಚಾರ ನಡೆದದ್ದೂ ಅಲ್ಲಿಯೇ, ಅವನ ಕಣ್ಣೆದುರಿಗೇ. ತಡೆಯಬೇಕಾದ ಅಧಿಕಾರಿ ತಡೆಯಲಿಲ್ಲ, ಮಾತಿನಿಂದ ಹುರಿದುಂಬಿಸಿದ.

ವಿಶ್ವಸಂಸ್ಥೆ 1994ರ ನವೆಂಬರಿನಲ್ಲಿ ರುವಾಂಡಕ್ಕಾಗಿ ಅಂತರರಾಷ್ಟ್ರೀಯ ನ್ಯಾಯಾಲಯವೊಂದನ್ನು ಸ್ಥಾಪಿಸಿತು. ಅದು ಕೂತದ್ದು ಪಕ್ಕದ ಟಾಂಜಾನಿಯಾದ ಅರುಶಾ ಊರಲ್ಲಿ. 1997ರ ಜನವರಿಯಲ್ಲಿ ಅಕಾಯೇಸುವಿನ ವಿಚಾರಣೆ ಶುರುವಾಯಿತು. ಅವನ ಮೇಲಿನ ದೋಷಾರೋಪದಲ್ಲಿ ಕೊಲೆ ಇತ್ತು, ಚಿತ್ರಹಿಂಸೆ ಇತ್ತು. ಅತ್ಯಾಚಾರದ ಒಂದು ಅಕ್ಷರವೂ ಇರಲಿಲ್ಲ.

ಆಗ ಸಾಕ್ಷಿಕಟ್ಟೆಗೆ ಒಬ್ಬ ತಾಯಿ ಬಂದಳು. ಕಡತದಲ್ಲಿ ಅವಳ ಹೆಸರು 'ಸಾಕ್ಷಿ ಜೆ', ಅಷ್ಟೇ. ಕೊಲೆಗಳ ಸಂಗತಿ ಹೇಳುತ್ತಾ, ತನ್ನ ಆರು ವರ್ಷದ ಮಗಳ ಮೇಲೆ ಮೂವರು ಅತ್ಯಾಚಾರ ಮಾಡಿದರೆಂದು ಹೇಳಿದಳು. ಆಮೇಲೆ 'ಸಾಕ್ಷಿ ಎಚ್' ಬಂದು ತನ್ನ ಮೇಲಾದದ್ದನ್ನೂ ಕಚೇರಿಯ ಅಂಗಳದಲ್ಲಿ ಕಂಡದ್ದನ್ನೂ ಹೇಳಿದಳು. ಮೂವರು ನ್ಯಾಯಾಧೀಶರಲ್ಲಿ ಒಬ್ಬರೇ ಮಹಿಳೆ, ನವನೀತಂ ಪಿಳ್ಳೈ. ದಕ್ಷಿಣ ಆಫ್ರಿಕದ ಡರ್ಬನ್‌ನವರು, ತಮಿಳು ಮೂಲದ ಬಸ್ ಡ್ರೈವರೊಬ್ಬರ ಮಗಳು, ವರ್ಣಭೇದವನ್ನು ಉಂಡು ಬೆಳೆದವರು. ಅವರು ಆ ಮಾತನ್ನು ದಾಟಿಸಿ ಮುಂದೆ ಹೋಗಲಿಲ್ಲ, ಮತ್ತೂ ಪ್ರಶ್ನೆ ಕೇಳಿದರು. ಮಹಿಳಾ ಸಂಘಟನೆಗಳು ಹೊರಗಿನಿಂದ ಅರ್ಜಿ ಹಾಕಿದವು. 1997ರ ಜೂನಿನಲ್ಲಿ ದೋಷಾರೋಪ ತಿದ್ದಿ ಅತ್ಯಾಚಾರವನ್ನು ಸೇರಿಸಿದರು.

1998ರ ಸೆಪ್ಟೆಂಬರ್ 2ರಂದು ತೀರ್ಪು ಬಂತು. ಜನಾಂಗಹತ್ಯೆಯ ಬಗ್ಗೆ ಅಂತರರಾಷ್ಟ್ರೀಯ ನ್ಯಾಯಾಲಯವೊಂದು ಕೊಟ್ಟ ಮೊದಲ ತೀರ್ಪು ಅದು. ಒಂದು ಜನವನ್ನೇ ನಾಶ ಮಾಡುವ ಉದ್ದೇಶದಿಂದ ಮಾಡಿದ ಅತ್ಯಾಚಾರವೂ ಜನಾಂಗಹತ್ಯೆಯೇ ಎಂದು ಅದು ಮೊದಲ ಸಲ ಸಾರಿತು. ಬಲವಂತದ ಪರಿಸ್ಥಿತಿಯಲ್ಲಿ ಒಬ್ಬರ ಮೈಮೇಲೆ ನಡೆಸುವ ಲೈಂಗಿಕ ಆಕ್ರಮಣ ಎಂದು ಅತ್ಯಾಚಾರಕ್ಕೆ ಅರ್ಥ ಕೊಟ್ಟಿತು, ಚಿತ್ರಹಿಂಸೆಗೆ ಹೋಲಿಸಿತು. ಮನೆತನದ ಮಾನದ ಲೆಕ್ಕ ಅಲ್ಲಿಗೆ ಮುಗಿಯಿತು. ಅಕಾಯೇಸುವಿಗೆ ಜೀವಾವಧಿ ಆಯಿತು.

ಅದೇ ವರ್ಷದ ಜುಲೈನಲ್ಲಿ ಒಪ್ಪಿದ ರೋಮ್ ಶಾಸನವೂ ಅತ್ಯಾಚಾರವನ್ನು ಯುದ್ಧಾಪರಾಧ, ಮಾನವೀಯತೆಯ ವಿರುದ್ಧದ ಅಪರಾಧ ಎಂದು ಬರೆದಿತ್ತು. ಭಾರತ ಅದಕ್ಕೆ ಇನ್ನೂ ಸಹಿ ಹಾಕಿಲ್ಲ. 2000ನೇ ಇಸವಿಯ ಅಕ್ಟೋಬರ್ 31ರಂದು ಭದ್ರತಾ ಮಂಡಳಿ 1325ನೇ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿತು. ಸಂಘರ್ಷದಲ್ಲಿ ಹೆಣ್ಣುಮಕ್ಕಳನ್ನು ಕಾಯಿರಿ, ಶಾಂತಿ ಮಾತುಕತೆಯಲ್ಲಿ ಅವರಿಗೂ ಜಾಗ ಕೊಡಿರಿ, ತಪ್ಪಿತಸ್ಥರನ್ನು ಬಿಡಬೇಡಿರಿ ಎಂಬುದು ಅದರ ಸಾರ.

ಹಾಗಂತ ಹೆಣ್ಣು ಕುರ್ಚಿ ಮೇಲೆ ಕೂತರೆ ಎಲ್ಲಾ ಸರಿ ಆಯ್ತು ಅನ್ನಬೇಡಿರಿ. ಆ ಕಾಲದ ರುವಾಂಡದ ಮಹಿಳಾ ಕಲ್ಯಾಣ ಮಂತ್ರಿಯೂ ಹೆಣ್ಣೇ. ಅತ್ಯಾಚಾರದ ಹೊಣೆಯೂ ಸೇರಿ 2011ರಲ್ಲಿ ಅವಳಿಗೂ ಶಿಕ್ಷೆಯಾಯಿತು. ಕುರ್ಚಿಗಿಂತ ಕೇಳುವ ಕಿವಿ ಮುಖ್ಯ.

ಇನ್ನು ನಮ್ಮ ರಾಜ್ಯಕ್ಕೇ ಬರೋಣ. ಭಂಡಾರಾ ಜಿಲ್ಲೆಯ ಖೈರಲಾಂಜಿಯಲ್ಲಿ 2006ರ ಸೆಪ್ಟೆಂಬರ್ 29ರಂದು ಭೋತಮಾಂಗೆ ಮನೆಯ ತಾಯಿ, ಮಗಳು, ಇಬ್ಬರು ಗಂಡುಮಕ್ಕಳನ್ನು ಕೊಂದರು. ಅಲ್ಲಿ ಯುದ್ಧ ಇರಲಿಲ್ಲ, ಊರಿತ್ತು. 2008ರಲ್ಲಿ ಕೋರ್ಟು ಎಂಟು ಜನರಿಗೆ ಕೊಲೆಗಾಗಿ ಶಿಕ್ಷೆ ಕೊಟ್ಟಿತು. ಆದರೆ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. ಜಾತಿಯ ಮಾತು ತೀರ್ಪಿನಿಂದ ಹೊರಗೇ ಉಳಿಯಿತು. ತಾಬಾದ ಹೆಂಗಸರ ಪ್ರಕರಣದಲ್ಲಿ ಮೊದಲು ಬಿಟ್ಟುಹೋದದ್ದನ್ನು ಆಮೇಲೆ ಸೇರಿಸಿದರು. ಇಲ್ಲಿ ಹಾಗಾಗಲಿಲ್ಲ.

ಇದರಿಂದ ನಾವು ಕಲಿಯಬೇಕಾದದ್ದೇನು? ಮೊದಲ ಕಾಗದದಲ್ಲಿ ಬರದದ್ದನ್ನು ಕೋರ್ಟಿನ ತನಕ ಒಯ್ಯುವುದು ಬಲು ಕಷ್ಟ. 2015ರಲ್ಲಿ ತಿದ್ದಿದ ದೌರ್ಜನ್ಯ ತಡೆ ಕಾಯ್ದೆಯ 4ನೆಯ ಕಲಮಿನ ಪ್ರಕಾರ, ಬಾಯಿಂದ ಹೇಳಿದ ದೂರನ್ನು ಬರೆದುಕೊಂಡ ಮೇಲೆ, ಸಹಿ ತಗೊಳ್ಳುವ ಮೊದಲು ಅಧಿಕಾರಿ ಅದನ್ನು ಓದಿ ಹೇಳಲೇಬೇಕು. ಬೇಕೆಂದೇ ಹೇಳದಿದ್ದರೆ ಅದು ಅವನ ಅಪರಾಧ. 15-ಎ ಕಲಮು ಸಾಕ್ಷಿಗಳಿಗೆ ರಕ್ಷಣೆ ಕೊಡತದ.

ಆದ್ದರಿಂದ ತಮ್ಮಂದಿರೇ, ನಮ್ಮ ಅಕ್ಕನೋ ಅವ್ವನೋ ಠಾಣೆಗೆ ಹೊರಟರೆ ಅವಳನ್ನು ಒಬ್ಬಳೇ ಕಳಿಸಬೇಡಿರಿ. ಅಲ್ಲಿ ಬರೆಯೋದು ಮರಾಠಿ, ನಮ್ಮವ್ವ ಆಡೋದು ಕನ್ನಡ. ಎರಡೂ ಬಲ್ಲವರು ಸಂಗಡ ಕೂಡ್ರಿ. "ಓದಿ ಹೇಳ್ರಿ ಸಾಹೇಬ್ರ" ಅನ್ನಿರಿ. ಅವಳು ಹೇಳಿದ್ದೆಲ್ಲಾ ಬಂದದಾ ನೋಡಿ, ಆಮೇಲೆ ಸಹಿ ಹಾಕಿಸಿರಿ.

ಜೈಭೀಮ್.